ಹದಿನಾರು ಹಾಳೆ, ಒಂದು ಫ್ರೇಮ್: ಅಂಚೆಚೀಟಿಗಳಿಂದ ಧೂಮಪಾನ ವಿರೋಧಿ ಪ್ರದರ್ಶನ ಕಟ್ಟುವ ಬಗೆ

ಅಂಚೆಚೀಟಿಯ ಸಾಮಾನ್ಯ ಅಳತೆ 30×40 ಮಿ.ಮೀ. ಸಂಗ್ರಾಹಕರಿಗೆ ಇಷ್ಟು ಸಾಕು, ಅವರು ಬಗ್ಗಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಾರೆ. ಆಸ್ಪತ್ರೆಯ ಪಡಸಾಲೆಯಲ್ಲೋ ಗ್ರಂಥಾಲಯದ ಬಾಗಿಲಲ್ಲೋ ದಾಟಿಹೋಗುವವರಿಗೆ ಅದು ಗೋಡೆಯ ಮೇಲಿನ ಬಣ್ಣದ ಚುಕ್ಕೆ. ಸಿಗರೇಟಿನ ಅಪಾಯ ಹೇಳುವ ಚೀಟಿ ಪ್ರದರ್ಶನಗಳು ಬಹುಪಾಲು ಸೋಲುವುದು ಇಲ್ಲೇ: ಸಂಗ್ರಹ ಚೆನ್ನಾಗಿರುತ್ತದೆ, ನೋಡಲು ಯಾರೂ ನಿಲ್ಲುವುದಿಲ್ಲ. ಸಂಗ್ರಾಹಕರಲ್ಲದವರಿಗಾಗಿ ಅಂಥದೊಂದು ಫ್ರೇಮನ್ನು ಚೀಟಿ ಹುಡುಕುವುದರಿಂದ ಹಿಡಿದು ಗೋಡೆಗೆ ತೂಗುಹಾಕುವವರೆಗೆ ಕಟ್ಟುವ ಕೆಲಸ ಇಲ್ಲಿದೆ. ಅಂತರರಾಷ್ಟ್ರೀಯ ಚೀಟಿ ಪ್ರದರ್ಶನಗಳ ಫ್ರೇಮಿನಂತೆ ಇದರಲ್ಲೂ ಹದಿನಾರು ಹಾಳೆ: ನಾಲ್ಕು ಸಾಲು, ಸಾಲಿಗೆ ನಾಲ್ಕು. ಆ ಪ್ರದರ್ಶನಗಳ ಉಳಿದ ರೂಢಿಗಳಲ್ಲಿ ಕೆಲವನ್ನು ಬೇಕೆಂದೇ ಬಿಟ್ಟಿದೆ.

ಚೀಟಿ ಹುಡುಕುವುದು

1980ರಿಂದ ಶುರು ಮಾಡಿ. ಆ ವರ್ಷದ ವಿಶ್ವ ಆರೋಗ್ಯ ದಿನಕ್ಕೆ, ಅಂದರೆ ಏಪ್ರಿಲ್ 7ಕ್ಕೆ, ವಿಶ್ವ ಆರೋಗ್ಯ ಸಂಸ್ಥೆ ಆರಿಸಿಕೊಂಡ ವಿಷಯ ‘ಧೂಮಪಾನವೋ ಆರೋಗ್ಯವೋ, ಆಯ್ಕೆ ನಿಮ್ಮದು’ ಎಂಬುದು. ಹಲವಾರು ದೇಶಗಳ ಅಂಚೆ ಇಲಾಖೆಗಳು ಅದಕ್ಕೆಂದೇ ಚೀಟಿ ತಂದವು. ಅವುಗಳಲ್ಲಿ ಹೆಚ್ಚಿನವು ಅಪರೂಪದವಲ್ಲ, ಬಿಡಿಯಾಗಿಯೇ ಸಿಗುತ್ತವೆ. ಎರಡನೆಯ ಗೊಂಚಲು ಸಿಗುವುದು 1988ರ ನಂತರ. ಆ ವರ್ಷದ ಏಪ್ರಿಲ್ 7ರಂದು ಮೊದಲ ಸಲ ತಂಬಾಕು ರಹಿತ ದಿನ ಆಚರಿಸಿದರು. 1989ರಿಂದ ಅದು ಮೇ 31ಕ್ಕೆ ನಿಂತಿತು. ಹಾಗಾಗಿ ಮೇ 31ರ ತಾರೀಖಿನ ವಿಶೇಷ ಅಂಚೆ ಮುದ್ರೆಗಳನ್ನೂ ಮೊದಲ ದಿನದ ಲಕೋಟೆಗಳನ್ನೂ (ಚೀಟಿ ಬಿಡುಗಡೆಯಾದ ದಿನವೇ ಮುದ್ರೆ ಬಿದ್ದವು) ಹುಡುಕಬೇಕು.

ಸ್ಟ್ಯಾನ್ಲಿ ಗಿಬ್ಬನ್ಸ್, ಸ್ಕಾಟ್, ಮಿಶೆಲ್ ಮುಂತಾದ ಕ್ಯಾಟಲಾಗ್‌ಗಳು ದೇಶ, ವರ್ಷದ ಅನುಕ್ರಮದಲ್ಲಿರುತ್ತವೆ. ಒಂದೊಂದು ದೇಶದ 1980ರ ಪುಟ ತೆರೆದು ಏಪ್ರಿಲ್ ತಿಂಗಳಿಗೆ ಹೋಗುವುದೇ ವೇಗದ ದಾರಿ. ವಿಷಯವಾರು ಪಟ್ಟಿಗಳಲ್ಲಿ ಇವು ‘ವೈದ್ಯಕೀಯ’ ಅಥವಾ ‘ವಿಶ್ವ ಆರೋಗ್ಯ ಸಂಸ್ಥೆ’ ಎಂಬ ತಲೆಬರಹದ ಕೆಳಗೆ ಅಡಗಿರುತ್ತವೆ.

ಒಂದು ಎಚ್ಚರಿಕೆ. ವಿಷಯಾಧಾರಿತ ಸಂಗ್ರಹಗಳ ಮಾರುಕಟ್ಟೆಯಲ್ಲಿ ನಕಲಿ ದೇಶಗಳ ಹೆಸರಿನಲ್ಲಿ, ಇಲ್ಲವೇ ನಿಜವಾದ ದೇಶದ ಹೆಸರು ಹೊತ್ತು ಆ ದೇಶದ ಅಂಚೆಗೆ ಗೊತ್ತೇ ಇಲ್ಲದೆ ಅಚ್ಚಾದ ಚೀಟಿಗಳು ಬಹಳ. 2002ರಿಂದೀಚಿನ ಚೀಟಿಯಾದರೆ ಡಬ್ಲ್ಯುಎನ್‌ಎಸ್ ಎಂಬ ಅಂತರರಾಷ್ಟ್ರೀಯ ಸಂಖ್ಯಾ ದಾಖಲೆಯಲ್ಲಿ ಹುಡುಕಿ ನೋಡಬಹುದು. ಎಲ್ಲ ದೇಶಗಳೂ ಅದರಲ್ಲಿ ಸೇರಿಲ್ಲವಾದ್ದರಿಂದ ಅಲ್ಲಿ ಸಿಗದ ಚೀಟಿಯೆಲ್ಲ ನಕಲಿ ಎಂದಲ್ಲ. ಸಿಕ್ಕರೆ ಮಾತ್ರ ನಿಶ್ಚಿಂತೆ. ಜನರಿಗೆ ಸತ್ಯ ಹೇಳಲು ಕಟ್ಟುವ ಫ್ರೇಮಿನಲ್ಲಿ ಸುಳ್ಳು ಚೀಟಿ ಇದ್ದರೆ ಅದನ್ನು ಕಂಡುಹಿಡಿಯುವ ಮೊದಲ ಸಂಗ್ರಾಹಕನೇ ಇಡೀ ಫ್ರೇಮಿನ ಮಾನ ಕಳೆಯುತ್ತಾನೆ.

ಅಂಚೆ ಬೆಲೆಯಿಲ್ಲದ ಪ್ರಚಾರ ಚೀಟಿಗಳನ್ನೂ ಬಿಡಬೇಡಿ. ಅಂಟಿಸುವ ಪುಟ್ಟ ಕಾಗದದ ಮೇಲೆ ಆರೋಗ್ಯದ ಮಾತು ಕಳಿಸುವ ಪದ್ಧತಿ ಹೆಸರು ಮಾಡಿದ್ದು ಡೆನ್ಮಾರ್ಕಿನಲ್ಲಿ. ಅಂಚೆ ನೌಕರ ಐನಾರ್ ಹೋಲ್‌ಬೊಲ್ 1904ರ ಕ್ರಿಸ್‌ಮಸ್‌ಗೆ ಕ್ಷಯರೋಗ ನಿಧಿಗಾಗಿ ಹೊರತಂದ ಚೀಟಿಯಿಂದ ಅದು ಶುರುವಾಯಿತು. ಇಂಥವನ್ನು ಹಾಳೆಯಲ್ಲಿಟ್ಟಾಗ ‘ಪ್ರಚಾರ ಚೀಟಿ, ಅಂಚೆಗೆ ಸಲ್ಲದು’ ಎಂದು ಕೆಳಗೆ ಬರೆಯುವುದು ಕಡ್ಡಾಯ.

ಹಾಳೆಗಳ ಹಂಚಿಕೆ

ಚೀಟಿಗಳನ್ನು ದೇಶವಾರು ಜೋಡಿಸಿದರೆ ಅದು ಆಲ್ಬಂ ಆಗುತ್ತದೆ. ಒಂದು ಹಾಳೆಗೆ ಒಂದೇ ಮಾತು, ಆ ಮಾತಿಗೆ ಎರಡರಿಂದ ನಾಲ್ಕು ಚೀಟಿ: ಈ ಲೆಕ್ಕ ಹಿಡಿಯಿರಿ. ಐದನೆಯ ಚೀಟಿ ಬಂದ ಕೂಡಲೇ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮುಂದಿನ ಹಾಳೆಗೆ ಜಾರುತ್ತದೆ.

ಮೊದಲ ಹಾಳೆ ಶೀರ್ಷಿಕೆಗೆ. ಎರಡನೆಯದು ಸಾಕ್ಷ್ಯಕ್ಕೆ: 1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ಪ್ರಕಟಿಸಿದ್ದು, 1964ರ ಜನವರಿ 11ರಂದು ಧೂಮಪಾನದ ಅಪಾಯ ಕುರಿತು ಅಮೆರಿಕದ ಸರ್ಜನ್ ಜನರಲ್ (ಸರ್ಕಾರದ ಉನ್ನತ ಆರೋಗ್ಯಾಧಿಕಾರಿ) ವರದಿ ಬಂದದ್ದು. ಮೂರನೆಯ ಮತ್ತು ನಾಲ್ಕನೆಯ ಹಾಳೆಗಳಿಗೆ 1980ರ ಚೀಟಿಗಳ ದೊಡ್ಡ ಪ್ರತಿಗಳು. ಐದು, ಆರು ತಂಬಾಕು ಹೆಮ್ಮೆಯ ಬೆಳೆಯಾಗಿದ್ದ ಕಾಲಕ್ಕೆ. ದಕ್ಷಿಣ ರೊಡೇಷಿಯಾದ (ಇಂದಿನ ಜಿಂಬಾಬ್ವೆ) 1953ರ ಸರಣಿಯ ಒಂದು ಪೆನ್ನಿಯ ಚೀಟಿಯಲ್ಲಿ ತಂಬಾಕು ಬೆಳೆಗಾರನೇ ಚಿತ್ರ. ಪಕ್ಕದಲ್ಲಿ ತಂಬಾಕಿನ ಮೇಲೆ ಅಂಟಿಸುತ್ತಿದ್ದ ಸುಂಕದ ಚೀಟಿಗಳನ್ನು ಇಡಬಹುದು. ಸರ್ಕಾರಗಳು ಒಂದು ಕೈಯಲ್ಲಿ ಸುಂಕ ಎತ್ತಿ ಇನ್ನೊಂದು ಕೈಯಲ್ಲಿ ಎಚ್ಚರಿಕೆ ಅಂಟಿಸಿದ ಕಥೆ ಮಾತಿಲ್ಲದೆ ತಿಳಿಯುತ್ತದೆ.

ಏಳು ಶ್ವಾಸಕೋಶಕ್ಕೆ, ಎಂಟು ಹೃದಯಕ್ಕೆ, ಒಂಬತ್ತು ಸೇದದವರ ಮೂಗಿಗೆ ಹೋಗುವ ಹೊಗೆಗೆ. ಹತ್ತು ತಲೆಬುರುಡೆಗಳಿಗೆ. ಹನ್ನೊಂದರಿಂದ ಹದಿಮೂರು ‘ಮಾಯವಾದ ಸಿಗರೇಟು’. ಹದಿನಾಲ್ಕು ಮೇ 31ರ ಮುದ್ರೆಗಳಿಗೆ ಮತ್ತು 2005ರ ಫೆಬ್ರುವರಿ 27ರಂದು ಜಾರಿಗೆ ಬಂದ ತಂಬಾಕು ನಿಯಂತ್ರಣ ಒಪ್ಪಂದಕ್ಕೆ. ಹದಿನೈದು ಬಿಟ್ಟವರ ದೇಹದಲ್ಲಿ ಏನಾಗುತ್ತದೆ ಎಂಬುದಕ್ಕೆ. ಹದಿನಾರು, ನೋಡುಗರು ಕಿತ್ತುಕೊಂಡು ಹೋಗುವ ಪ್ರಚಾರ ಚೀಟಿಗೆ.

ತಲೆಬುರುಡೆಯ ಬಗ್ಗೆ ಒಂದು ಮಾತು. ಧೂಮಪಾನ ವಿರೋಧಿ ಚೀಟಿಗಳಲ್ಲಿ ಅಸ್ಥಿಪಂಜರ, ಬುರುಡೆ, ಹಾವು ಯಥೇಚ್ಛವಾಗಿ ಸಿಗುತ್ತವೆ. ಅಷ್ಟನ್ನೂ ಹಾಕುವ ಆಸೆಯೂ ಆಗುತ್ತದೆ. ಒಂದು ಹಾಳೆಗಿಂತ ಹೆಚ್ಚು ಕೊಡಬೇಡಿ. ಬರೀ ಹೆದರಿಸಿ ಸುಮ್ಮನಾದರೆ ಸೇದುವವರು ಮುಖ ತಿರುಗಿಸುತ್ತಾರೆ. ಹೆದರಿಕೆಯ ಬೆನ್ನಿಗೇ ‘ಇಂದು ಬಿಟ್ಟರೆ ಹೀಗಾಗುತ್ತದೆ’ ಎಂಬ ದಾರಿ ಕಂಡರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಹದಿನೈದನೆಯ ಹಾಳೆ ಕೈಬಿಟ್ಟು ಹತ್ತನೆಯದನ್ನು ಎರಡು ಮಾಡುವುದು ಈ ಬಗೆಯ ಫ್ರೇಮುಗಳಲ್ಲಿ ಮಾಮೂಲಿ ತಪ್ಪು.

ಮಾಯವಾದ ಸಿಗರೇಟಿನ ಮೂರು ಹಾಳೆ

ಇಡೀ ಫ್ರೇಮಿನ ಜೀವಾಳ ಇದು. ಇಲ್ಲಿರುವ ಚೀಟಿಗಳಲ್ಲಿ ಧೂಮಪಾನ ವಿರೋಧಿ ಘೋಷಣೆಯೇ ಇಲ್ಲ. ಅಮೆರಿಕದ ಅಂಚೆ 1994ರಲ್ಲಿ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್‌ನ ಚೀಟಿ ತಂದಾಗ, ಆಧಾರವಾಗಿದ್ದ ಛಾಯಾಚಿತ್ರದಲ್ಲಿ ತುಟಿಯಲ್ಲಿದ್ದ ಸಿಗರೇಟು ಚೀಟಿಯಲ್ಲಿ ಇರಲಿಲ್ಲ. 1999ರಲ್ಲಿ ಚಿತ್ರಕಾರ ಜಾಕ್ಸನ್ ಪೊಲ್ಲಾಕ್‌ನ 33 ಸೆಂಟಿನ ಚೀಟಿಯಲ್ಲೂ ಹಾಗೇ. ಫ್ರಾನ್ಸ್ 1996ರಲ್ಲಿ ಲೇಖಕ ಆಂದ್ರೆ ಮಾಲ್ರೋ ಚೀಟಿಗೆ ಜೀಸೆಲ್ ಫ್ರಾಯಿಂಡ್ ತೆಗೆದ ಪ್ರಸಿದ್ಧ ಛಾಯಾಚಿತ್ರ ಬಳಸಿ ಸಿಗರೇಟನ್ನು ಅಳಿಸಿತು. ಇತಿಹಾಸ ತಿದ್ದುವುದು ಸರಿಯೇ ಎಂದು ಆಗ ಜಗಳವೂ ಆಯಿತು.

ಈ ಹಾಳೆಗಳಿಗೆ ತೀರ್ಪು ಬರೆಯಬೇಡಿ. ‘ಈ ಮುಖದಲ್ಲಿ ಏನು ಕಾಣೆಯಾಗಿದೆ?’ ಎಂಬ ಒಂದೇ ಸಾಲನ್ನು ಮೇಲೆ ದೊಡ್ಡದಾಗಿ ಹಾಕಿ, ಉತ್ತರವನ್ನು ಕೆಳಗೆ ಚಿಕ್ಕ ಅಕ್ಷರದಲ್ಲಿ ಕೊಡಿ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಚೀಟಿ ಇರಬೇಕು. ಉತ್ತರ ಮೇಲಿದ್ದರೆ ಯಾರೂ ಚೀಟಿ ನೋಡುವುದೇ ಇಲ್ಲ. ಮೂಲ ಛಾಯಾಚಿತ್ರದ ಪ್ರತಿ ಪಕ್ಕದಲ್ಲಿಡಬೇಕೆನಿಸುತ್ತದೆ, ಆದರೆ ಅದಕ್ಕೆ ಹಕ್ಕುಸ್ವಾಮ್ಯ ಪಡೆದವರ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದಿದ್ದರೆ ಮಾತಿನಲ್ಲಿ ವಿವರಿಸಿದರೆ ಸಾಕು.

ಹದಿಮೂರನೆಯ ಹಾಳೆಯಲ್ಲಿ ಚೀಟಿಯೇ ಇರುವುದಿಲ್ಲ. ಜರ್ಮನಿ 2001ರಲ್ಲಿ ನಟಿ ಆಡ್ರೆ ಹೆಪ್‌ಬರ್ನ್‌ಳ ಚೀಟಿಯ ಒಂದು ಕೋಟಿ ನಲವತ್ತು ಲಕ್ಷ ಪ್ರತಿ ಅಚ್ಚು ಹಾಕಿತ್ತು. ಚಿತ್ರದಲ್ಲಿ ಉದ್ದನೆಯ ಸಿಗರೇಟು ಹಿಡಿಕೆ ಇತ್ತು, ಆಕೆಯ ಮಗ ಒಪ್ಪಲಿಲ್ಲ, ಅಚ್ಚಾದದ್ದನ್ನು ನಾಶ ಮಾಡಿದರು. ಬೆರಳೆಣಿಕೆಯಷ್ಟು ಉಳಿದವು. ಹತ್ತು ಚೀಟಿಗಳ ಒಂದು ಹಾಳೆ 2010ರಲ್ಲಿ ಬರ್ಲಿನ್ನಿನ ಹರಾಜಿನಲ್ಲಿ 4,30,000 ಯೂರೋಗೆ ಹೋಯಿತು, ಹಣ ದಾನಕ್ಕೆ ಸಂದಿತು. ಹಾಗಾಗಿ ಇಲ್ಲಿ ಚೀಟಿಯ ಅಳತೆಯ ಖಾಲಿ ಕಪ್ಪು ಮೌಂಟ್ (ಚೀಟಿ ಕೂರಿಸುವ ಪ್ಲಾಸ್ಟಿಕ್ ಚೀಲ) ಒಂದನ್ನು ಅಂಟಿಸಿ, ಕೆಳಗೆ ಈ ವಿವರ ಬರೆಯಿರಿ. ಬಣ್ಣದ ಫೋಟೋ ಅಂಟಿಸಿ ತುಂಬಿಸಲು ಹೋದರೆ ಹಾಳೆ ಸಪ್ಪೆಯಾಗುತ್ತದೆ.

ಬಿಡಿಸುವುದು, ಒಣಗಿಸುವುದು

ಬಳಸಿದ ಚೀಟಿ ಲಕೋಟೆಯ ತುಂಡಿನ ಸಮೇತ ಬಂದಿದ್ದರೆ ಮೊದಲು ಮುದ್ರೆ ನೋಡಿ. ಮುದ್ರೆಯೇ ಧೂಮಪಾನ ವಿರೋಧಿ ಘೋಷಣೆಯದಾಗಿದ್ದರೆ ಬಿಡಿಸಲೇಬಾರದು. ಪೂರ್ತಿ ಲಕೋಟೆ ಇದ್ದರೆ ಪೂರ್ತಿಯಾಗಿ, ತುಂಡಿದ್ದರೆ ಮುದ್ರೆ ಮುಕ್ಕಾಗದಂತೆ ಹಾಗೇ ಇಡಬೇಕು. ಉಳಿದವನ್ನು ಚೀಟಿಯ ಸುತ್ತ 5 ಮಿ.ಮೀ. ಅಂಚು ಬಿಟ್ಟು ಕತ್ತರಿಸಿ, ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರಿಗೆ ಚಿತ್ರ ಮೇಲಾಗಿ ತೇಲಿಬಿಡಿ. 15–20 ನಿಮಿಷದಲ್ಲಿ ಗೋಂದು ಕರಗಿ ಕಾಗದ ತಾನೇ ಕಳಚುತ್ತದೆ. ಕಳಚದಿದ್ದರೆ ಇನ್ನಷ್ಟು ಕಾಯಿರಿ. ಎಳೆದರೆ ಚೀಟಿಯ ಬೆನ್ನಿನ ಪದರ ಕಿತ್ತು ತೆಳುವಾಗುತ್ತದೆ, ಬೆಳಕಿಗೆ ಹಿಡಿದರೆ ಆ ಗಾಯ ಕಾಣುತ್ತದೆ.

ಕೆಂಪು, ಹಸಿರು ಲಕೋಟೆ ಮತ್ತು ಕಂದು ಕಾಗದವನ್ನು ಉಳಿದವುಗಳ ಜತೆ ಒಂದೇ ತಟ್ಟೆಗೆ ಹಾಕಬಾರದು. ಬಣ್ಣ ಬಿಟ್ಟರೆ ಹತ್ತು ಚೀಟಿ ಒಟ್ಟಿಗೆ ಹಾಳು. ಇವನ್ನು ಬೇರೆಯಾಗಿ, ತಣ್ಣೀರಿನಲ್ಲಿ, ಒಂದೊಂದಾಗಿ ನೆನೆಸಿ ಬೇಗ ತೆಗೆಯಿರಿ. ನೇರಳೆ ಶಾಯಿಯ ರಬ್ಬರ್ ಮುದ್ರೆಯೂ ಹರಡುವ ಜಾತಿಯದೇ. ತಾನೇ ಅಂಟಿಕೊಳ್ಳುವ ಈಚಿನ ಚೀಟಿಗಳದು ಇನ್ನೊಂದು ಕಥೆ: ಕೆಲವು ದೇಶಗಳ ಅಂಟು ನೀರಿಗೆ ಜಗ್ಗುವುದೇ ಇಲ್ಲ. ಅಂಥವನ್ನು 3–5 ಮಿ.ಮೀ. ಅಂಚಿನ ಸಮೇತ ಕಾಗದದ ಮೇಲೆಯೇ ಉಳಿಸಿ ಹಾಳೆಗೆ ಹಾಕಿ.

ಬಿಡಿಸಿದ ಚೀಟಿಯ ಬೆನ್ನನ್ನು ಇನ್ನೊಂದು ತಟ್ಟೆಯ ಶುದ್ಧ ನೀರಿನಲ್ಲಿ ಬೆರಳಿನಿಂದ ಮೃದುವಾಗಿ ಸವರಿ. ಜಿಗುಟು ಉಳಿದರೆ ಒಣಗುವಾಗ ಬ್ಲಾಟಿಂಗ್ ಕಾಗದಕ್ಕೆ ಹತ್ತಿಕೊಳ್ಳುತ್ತದೆ. ಎತ್ತಲು ಚಪ್ಪಟೆ ತುದಿಯ ಚಿಮುಟ ಬಳಸಿ. ಚೂಪು ತುದಿ ಒದ್ದೆ ಚೀಟಿಯನ್ನು ಚುಚ್ಚುತ್ತದೆ. ಚಿತ್ರ ಕೆಳಗಾಗಿ ಬ್ಲಾಟಿಂಗ್ ಮೇಲೆ ಹರಡಿ, ಮುಕ್ಕಾಲು ಒಣಗಿ ಸುರುಳಿಯಾಗತೊಡಗಿದಾಗ ಹೊಸ ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು ಭಾರದ ಪುಸ್ತಕದ ಅಡಿ ಒಂದು ರಾತ್ರಿ ಬಿಡಿ.

ಹಾಳೆಗೆ ಕೂರಿಸುವುದು

ಕಾಗದ: ಆಮ್ಲರಹಿತ, 160–200 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ), ಎ4. ಇದಕ್ಕಿಂತ ತೆಳುವಾದರೆ ತೂಗುಹಾಕಿದ ಹಾಳೆ ಹೊಟ್ಟೆ ಬಿಡುತ್ತದೆ.

ಬಳಸಿದ ಚೀಟಿಗೆ ಹಿಂಜ್, ಅಂದರೆ ಗೋಂದು ಹಚ್ಚಿ ಮಡಚಿದ ಪುಟ್ಟ ಕಾಗದದ ಪಟ್ಟಿ, ಸಾಕು. ಮಡಚಿದ ಚಿಕ್ಕ ಭಾಗವನ್ನು ಚೀಟಿಯ ಬೆನ್ನಿಗೆ, ಮೇಲಂಚಿನ ತೂತುಸಾಲಿನ ಹಲ್ಲುಗಳಿಂದ 2 ಮಿ.ಮೀ. ಕೆಳಗೆ, ಬರೀ ತುದಿ ಒದ್ದೆ ಮಾಡಿ ಅಂಟಿಸಿ. ಪೂರ್ತಿ ನೆನೆಸಿದರೆ ಗೋಂದು ಅಂಚಿನಿಂದ ಹೊರಗೆ ಹರಿದು ಚೀಟಿಯನ್ನು ಹಾಳೆಗೇ ಅಂಟಿಸಿಬಿಡುತ್ತದೆ. ಬಳಸದ, ಗೋಂದು ಹಾಗೇ ಇರುವ ಮಿಂಟ್ ಚೀಟಿಗೆ ಹಿಂಜ್ ಬೇಡ, ಮೌಂಟ್ ಹಾಕಿ. ಮೌಂಟ್ ಪಟ್ಟಿಯನ್ನು ಚೀಟಿಗಿಂತ ಎರಡೂ ಬದಿಗೆ 1.5 ಮಿ.ಮೀ. ಹೆಚ್ಚಾಗಿ ಕತ್ತರಿಸಿ. ಕತ್ತರಿಯಲ್ಲಿ ಅಂಚು ಸೊಟ್ಟಗಾಗುತ್ತದೆ, ಒತ್ತುಕತ್ತರಿ ಅಥವಾ ಉಕ್ಕಿನ ಅಳತೆಪಟ್ಟಿ ಹಿಡಿದು ಬ್ಲೇಡಿನಲ್ಲಿ ಕತ್ತರಿಸಬೇಕು. ಮೇಲೆ ಬಾಯಿ ತೆರೆದ ಬಗೆಯ ಮೌಂಟ್ ಆದರೆ ಮುಚ್ಚಿದ ಅಂಚು ಕೆಳಗಿರಲಿ. ಸಾಗಿಸುವಾಗ ಅಲುಗಿ ಚೀಟಿ ಪಕ್ಕಕ್ಕೆ ಜಾರುವುದು ಈ ಬಗೆಯಲ್ಲಿ ಸಾಮಾನ್ಯ. ಬೆನ್ನಿನಲ್ಲಿ ಸೀಳಿರುವ, ಮೇಲೆ ಕೆಳಗೆ ಎರಡೂ ಕಡೆ ಮುಚ್ಚಿದ ಮೌಂಟ್ ತೂಗುಹಾಕುವ ಫ್ರೇಮಿಗೆ ಹೆಚ್ಚು ಭದ್ರ.

ಕಪ್ಪು ಮೌಂಟ್ ಹಲ್ಲುಗಳನ್ನು ಎತ್ತಿ ತೋರಿಸುತ್ತದೆ. ಆದರೆ ಬಿಳಿ ಹಾಳೆಯ ಮೇಲೆ ಕಪ್ಪು ಚೌಕ ಶ್ರದ್ಧಾಂಜಲಿ ಜಾಹೀರಾತಿನಂತೆ ಕಾಣುವುದೂ ಉಂಟು. ಹತ್ತನೆಯ ಹಾಳೆಗೆ ಅದು ಒಪ್ಪುತ್ತದೆ, ಹದಿನೈದಕ್ಕೆ ಪಾರದರ್ಶಕ ಮೌಂಟ್ ಇರಲಿ.

ಲಕೋಟೆಗಳನ್ನು ನಾಲ್ಕು ಮೂಲೆಗೆ ಫೋಟೋ ಕಾರ್ನರ್ ಹಾಕಿ ನಿಲ್ಲಿಸಿ. ಸೆಲ್ಲೋಟೇಪ್, ಫೆವಿಕಾಲ್, ಎರಡು ಬದಿ ಅಂಟುವ ಟೇಪ್ ಯಾವುದೂ ಚೀಟಿ ಅಥವಾ ಲಕೋಟೆಗೆ ತಾಗಕೂಡದು. ಟೇಪಿನ ಅಂಟು ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಮತ್ತೆ ಹೊರಬರುವುದಿಲ್ಲ. ಹಾಳೆಯನ್ನು ಹಾಕುವ ತೋಳು (ಪಾರದರ್ಶಕ ಪ್ಲಾಸ್ಟಿಕ್ ಕವಚ) ಪಾಲಿಯೆಸ್ಟರ್‌ನದೇ ಆಗಿರಬೇಕು. ಮೃದುವಾದ, ವಾಸನೆ ಬರುವ ಪಿವಿಸಿ ತೋಳಿನಲ್ಲಿರುವ, ಪ್ಲಾಸ್ಟಿಕ್ಕನ್ನು ಮೃದುವಾಗಿಸುವ ಪ್ಲಾಸ್ಟಿಸೈಜರ್ ಚೀಟಿಯ ಶಾಯಿಯನ್ನು ಮೆತ್ತಗೆ ಮಾಡಿ ಪ್ಲಾಸ್ಟಿಕ್ಕಿಗೆ ಎಳೆದುಕೊಳ್ಳುತ್ತದೆ.

ಬರಹ ಮತ್ತು ದೊಡ್ಡ ಪ್ರತಿ

ಓದುವ ದೂರವನ್ನು 250ರಿಂದ ಭಾಗಿಸಿದರೆ ಬೇಕಾದ ಅಕ್ಷರದ ಎತ್ತರ ಸಿಗುತ್ತದೆ. ಒಂದು ಮೀಟರಿಗೆ 4 ಮಿ.ಮೀ. ಕನ್ನಡ ಫಾಂಟಿನಲ್ಲಿ ಬಿಡಿ ಅಕ್ಷರದ ಎತ್ತರ ಫಾಂಟ್ ಅಳತೆಯ ಸುಮಾರು ಅರ್ಧ ಇರುವುದರಿಂದ ವಿವರಕ್ಕೆ 22 ಪಾಯಿಂಟ್, ತಲೆಬರಹಕ್ಕೆ 36 ಪಾಯಿಂಟ್ ಹಾಕಿ. ಸಾಲಿನ ಅಂತರ 1.4ಕ್ಕಿಂತ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ದೀರ್ಘಗಳಿಗೆ ತಾಗುತ್ತದೆ. ಈ ಅಳತೆಯಲ್ಲಿ ಒಂದು ಹಾಳೆಗೆ 35–40 ಪದ ಹಿಡಿಯುತ್ತದೆ, ಅಷ್ಟೇ ಬರೆಯಿರಿ. ಚೀಟಿ ಅಂಟಿಸುವ ಮೊದಲೇ ಅಚ್ಚು ಹಾಕಿ. ಲೇಸರ್ ಅಥವಾ ಪಿಗ್ಮೆಂಟ್ ಶಾಯಿ ಇರಲಿ. ಸಾಮಾನ್ಯ ಇಂಕ್‌ಜೆಟ್ ಶಾಯಿ ತೇವಕ್ಕೆ ಹರಡುತ್ತದೆ.

ವಿವರದಲ್ಲಿ ಬರೆಯುವ ಅಂಕಿಗಳು ಗಟ್ಟಿಯಾಗಿರಲಿ. ಏಳನೆಯ ಹಾಳೆಗೆ: ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಕ್ಯಾನ್ಸರ್ ತರುವ ಹತ್ತಾರು ವಸ್ತುಗಳಲ್ಲಿ ವಿಕಿರಣ ಸೂಸುವ ಪೊಲೋನಿಯಂ-210 ಕೂಡ ಒಂದು. ಎಂಟನೆಯದಕ್ಕೆ: ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ, ಇಪ್ಪತ್ತು ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದ ಸುಮಾರು ಅರ್ಧದಷ್ಟು ಇರುತ್ತದೆ. ‘ನಾನು ಒಂದೇ ಸೇದೋದು’ ಎನ್ನುವವರು ಇಲ್ಲಿ ನಿಲ್ಲುತ್ತಾರೆ. ಶ್ವಾಸಕೋಶದ ಹಾಳೆ ತಮಗಲ್ಲ ಎಂದುಕೊಂಡವರಿಗೂ ಇದು ತಾಗುತ್ತದೆ. ಮೊದಲ ಹಾಳೆಗೆ ಒಂದೇ ಅಂಕಿ ಸಾಕು: ತಂಬಾಕಿನಿಂದ ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಸಾವು.

ಹದಿನೈದನೆಯ ಹಾಳೆಯನ್ನು ಕಾಲದ ಪಟ್ಟಿಯಾಗಿ ಮಾಡಿ, ಒಂದೊಂದು ಮೆಟ್ಟಿಲಿಗೆ ಒಂದು ಚೀಟಿ. ಕೊನೆಯ ಸಿಗರೇಟಿನ 20 ನಿಮಿಷದ ನಂತರ ನಾಡಿಬಡಿತ ಇಳಿಯುತ್ತದೆ. 12 ಗಂಟೆಯಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಸಾಮಾನ್ಯ ಮಟ್ಟಕ್ಕೆ ಬರುತ್ತದೆ. ಒಂದು ವರ್ಷಕ್ಕೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸೇದುವವರ ಸುಮಾರು ಅರ್ಧಕ್ಕೆ, ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯವೂ ಸುಮಾರು ಅರ್ಧಕ್ಕೆ. ಇಲ್ಲಿಗೆ ಹೂವು, ಹೃದಯ, ಉಸಿರು, ಮುರಿದ ಸಿಗರೇಟು ಇರುವ ಚೀಟಿಗಳನ್ನು ಎತ್ತಿಟ್ಟುಕೊಂಡಿರಬೇಕು.

ದೊಡ್ಡ ಪ್ರತಿಗೆ 1200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. 30×40 ಮಿ.ಮೀ. ಚೀಟಿ ಆಗ ಸುಮಾರು 1417×1890 ಪಿಕ್ಸೆಲ್ ಆಗುತ್ತದೆ, 300 ಡಿಪಿಐಯಲ್ಲಿ ಅಚ್ಚು ಹಾಕಿದರೆ 120×160 ಮಿ.ಮೀ., ಅಂದರೆ ನಾಲ್ಕು ಪಟ್ಟು. ಸ್ಕ್ಯಾನರಿನಲ್ಲಿ ಚೀಟಿಯ ಹಿಂದೆ ಕಪ್ಪು ಕಾಗದ ಇಡಿ, ಹಲ್ಲುಗಳು ಕಾಣಬೇಕು. ಹಲ್ಲಿಲ್ಲದ ದೊಡ್ಡ ಪ್ರತಿ ಬರೀ ಪೋಸ್ಟರಿನಂತೆ ಕಾಣುತ್ತದೆ. ಆಫ್‌ಸೆಟ್ ಚೀಟಿಯಲ್ಲಿ ಅಲೆಅಲೆಯಾದ ಗೆರೆ ಬಂದರೆ ಸ್ಕ್ಯಾನರಿನ ಡಿಸ್ಕ್ರೀನ್ ಆಯ್ಕೆ ಹಾಕಿ. ಚೀಟಿಯ ನಿಜ ಅಳತೆಯಲ್ಲೇ ಬಣ್ಣದ ಪ್ರತಿ ಮಾಡಬಾರದು. ಅಮೆರಿಕದ ನಿಯಮದಂತೆ ಮುದ್ರೆ ಬೀಳದ ಚೀಟಿಯ ಬಣ್ಣದ ಪ್ರತಿ ಮೂಲದ 75 ಶೇಕಡಕ್ಕಿಂತ ಚಿಕ್ಕದು ಅಥವಾ 150 ಶೇಕಡಕ್ಕಿಂತ ದೊಡ್ಡದು ಇರಬೇಕು. ಬೇರೆ ದೇಶದ ಚೀಟಿಗೂ ಇದೇ ಎಚ್ಚರ ಒಳ್ಳೆಯದು. ಈಚಿನ ಚೀಟಿಗಳ ಚಿತ್ರಕ್ಕೆ ಹಕ್ಕುಸ್ವಾಮ್ಯವೂ ಇರುತ್ತದೆ.

ಫ್ರೇಮ್

ತೋಳಿನ ಹೊರ ಅಳತೆ 215×302 ಮಿ.ಮೀ., ತೋಳುಗಳ ನಡುವೆಯೂ ಸುತ್ತಂಚಿಗೂ 5 ಮಿ.ಮೀ. ಜಾಗ. ಆಗ ಹದಿನಾರಕ್ಕೆ 885×1233 ಮಿ.ಮೀ. ಬೇಕು, ಒಳ ಅಳತೆಯನ್ನು 890×1240 ಎಂದಿಟ್ಟುಕೊಳ್ಳಿ. ಬೆನ್ನಿಗೆ 6 ಮಿ.ಮೀ. ಪ್ಲೈವುಡ್, ಸುತ್ತ 20×40 ಮಿ.ಮೀ. ಮರದ ಪಟ್ಟಿ, ಮುಂದೆ 3 ಮಿ.ಮೀ. ಅಕ್ರಿಲಿಕ್. ಅಕ್ರಿಲಿಕ್ ಒಂದೇ ಸುಮಾರು 4 ಕೆ.ಜಿ., ಒಟ್ಟು 10 ಕೆ.ಜಿ. ಆಸುಪಾಸು. ಗಾಜು ಹಾಕಿದರೆ ಅಕ್ರಿಲಿಕ್ಕಿನ ಎರಡು ಪಟ್ಟು ಭಾರ, ಒಡೆದರೆ ಚೀಟಿಯೂ ಹೋಯಿತು.

ಪ್ಲೈವುಡ್ಡಿನಿಂದ ಆಮ್ಲದ ಆವಿ ಬರುತ್ತದೆ. ಅದರ ಮೇಲೆ ಪಾಲಿಯೆಸ್ಟರ್ ಹಾಳೆ, ಅದರ ಮೇಲೆ ಆಮ್ಲರಹಿತ ಕಾರ್ಡ್ ಹಾಸಿ. ನಾಲ್ಕು ಸಾಲಿಗೂ ಕೆಳಗೆ ತುಟಿಯಿರುವ ಅಲ್ಯೂಮಿನಿಯಂ ಪಟ್ಟಿ ಸ್ಕ್ರೂ ಮಾಡಿ, ತೋಳುಗಳು ಅದರಲ್ಲಿ ಕೂರುತ್ತವೆ. ಒಂದು ಹಾಳೆ ಬದಲಿಸಲು ಉಳಿದವನ್ನು ಮುಟ್ಟಬೇಕಿಲ್ಲ. ಹಾಳೆಗೂ ಅಕ್ರಿಲಿಕ್ಕಿಗೂ ನಡುವೆ 6 ಮಿ.ಮೀ. ತೆರಪು ಬಿಡಲೇಬೇಕು. ತಾಗಿಕೊಂಡರೆ ತೇವ ಹಿಡಿದು ಮಿಂಟ್ ಗೋಂದು ಅಂಟಿಕೊಳ್ಳುತ್ತದೆ.

ಅಕ್ರಿಲಿಕ್ ಬಿಸಿಲಿಗೆ ಹಿಗ್ಗುತ್ತದೆ. 20 ಡಿಗ್ರಿ ಏರಿದರೆ ಈ ಉದ್ದಕ್ಕೆ ಸುಮಾರು 1.7 ಮಿ.ಮೀ. ಬಿಗಿಯಾಗಿ ಕೂರಿಸಿದ ಹಾಳೆ ಬಿಲ್ಲಿನಂತೆ ಬಾಗಿ ಚೀಟಿಗಳ ಮೇಲೆ ಒತ್ತುತ್ತದೆ, ಇಲ್ಲವೇ ಸ್ಕ್ರೂ ತೂತಿನಿಂದ ಬಿರುಕು ಬಿಡುತ್ತದೆ. ಹಾಗಾಗಿ ಸುತ್ತ 2 ಮಿ.ಮೀ. ಸಡಿಲ, ಸ್ಕ್ರೂಗಿಂತ ದೊಡ್ಡ ತೂತು. ಒರೆಸಲು ತೇವದ ಮೆತ್ತನೆ ಬಟ್ಟೆ ಮಾತ್ರ. ಒಣಬಟ್ಟೆಯಲ್ಲಿ ಉಜ್ಜಿದರೆ ಸ್ಥಿರವಿದ್ಯುತ್ತಿಗೆ ಧೂಳು ಇನ್ನಷ್ಟು ಬಂದು ಕೂರುತ್ತದೆ; ಅಮೋನಿಯಾ ಅಥವಾ ಸ್ಪಿರಿಟ್ ಇರುವ ಗಾಜಿನ ದ್ರಾವಣ ಸಣ್ಣ ಬಿರುಕುಗಳ ಬಲೆ ಎಬ್ಬಿಸುತ್ತದೆ.

ಫ್ರೇಮಿನ ಕೆಳ ಅಂಚು ನೆಲದಿಂದ 800 ಮಿ.ಮೀ. ಎತ್ತರದಲ್ಲಿದ್ದರೆ ಸಾಲುಗಳ ನಡುಭಾಗ ಕೆಳಗಿನಿಂದ ಸುಮಾರು 960, 1270, 1570, 1880 ಮಿ.ಮೀ.ಗೆ ಬರುತ್ತದೆ. ಮೇಲಿನ ಸಾಲಿನಲ್ಲಿ ನಿಜ ಚೀಟಿಯನ್ನು ಯಾರೂ ನೋಡಲಾರರು. ಶೀರ್ಷಿಕೆ, ಸಾಕ್ಷ್ಯ, ದೊಡ್ಡ ಪ್ರತಿಗಳನ್ನು ಮೊದಲ ನಾಲ್ಕು ಹಾಳೆಗಳಿಗೆ ಹಂಚಿದ್ದು ಇದಕ್ಕೇ. ಎರಡು ಮತ್ತು ಮೂರನೆಯ ಸಾಲು ದೊಡ್ಡವರ ಕಣ್ಣಿನ ನೇರಕ್ಕೆ ಬರುತ್ತವೆ. ಕೆಳಸಾಲು ಮಕ್ಕಳದು, ಕಿತ್ತುಕೊಳ್ಳುವ ಚೀಟಿಯ ಹದಿನಾರನೆಯ ಹಾಳೆ ಅಲ್ಲಿಗೇ ಬೀಳುತ್ತದೆ.

ಬೆಳಕು 50 ಲಕ್ಸ್ ಸಾಕು, ಕಾಗದದ ವಸ್ತುಗಳಿಗೆ ಸಂಗ್ರಹಾಲಯಗಳು ಪಾಲಿಸುವ ಮಿತಿ ಅದು. ಕಿಟಕಿಯ ಎದುರು ಗೋಡೆ ಬೇಡ. ಕೆಂಪು, ಹಳದಿ ಶಾಯಿ ಮೊದಲು ಮಂಕಾಗುತ್ತವೆ, ಸಿಗರೇಟಿನ ತುದಿಯ ಕೆಂಡ ಇರುವ ಚೀಟಿಗಳಿಗೆ ಅದೇ ಪ್ರಾಣ.

ಕಿತ್ತುಕೊಳ್ಳುವ ಪ್ರಚಾರ ಚೀಟಿ

ಎ4 ಹಾಳೆಯಲ್ಲಿ 10 ಮಿ.ಮೀ. ಅಂಚು ಬಿಟ್ಟು 38×46 ಮಿ.ಮೀ. ಅಳತೆಯಲ್ಲಿ ಸಾಲಿಗೆ 5ರಂತೆ 6 ಸಾಲು, ಒಟ್ಟು 30 ಚೀಟಿ ಹಿಡಿಸುತ್ತವೆ. ಗೋಂದು ಹಚ್ಚಿದ 80–100 ಜಿಎಸ್‌ಎಂ ಕಾಗದ ಬಳಸಿ; ಲೇಸರ್ ಮುದ್ರಣಕ್ಕೆ ತಕ್ಕದ್ದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ, ಇಲ್ಲವಾದರೆ ಕಾವಿಗೆ ಗೋಂದು ಯಂತ್ರದೊಳಗೆ ಹತ್ತಿಕೊಳ್ಳುತ್ತದೆ. ಮೊದಲು ಮುದ್ರಣ, ಆಮೇಲೆ ತೂತು. ದಾರವಿಲ್ಲದ ಹೊಲಿಗೆ ಯಂತ್ರದಲ್ಲಿ 90ರ ಸೂಜಿ, ಹೊಲಿಗೆಯ ಉದ್ದ 2 ಮಿ.ಮೀ. ಇಟ್ಟರೆ 2 ಸೆಂ.ಮೀ.ಗೆ 10 ತೂತು, ಅಂದರೆ ಸಂಗ್ರಾಹಕರ ಲೆಕ್ಕದ 10ರ ಪರ್ಫೊರೇಷನ್. 1 ಮಿ.ಮೀ.ಗೆ ಇಳಿಸಿದರೆ ಎತ್ತುವಾಗಲೇ ಹರಿಯುತ್ತದೆ, 3ಕ್ಕೆ ಏರಿಸಿದರೆ ಕಿತ್ತಾಗ ಮೂಲೆ ಹಾರುತ್ತದೆ. ಸೂಜಿ ಕಾಗದವನ್ನು ತೆಗೆಯುವುದಿಲ್ಲ, ಬೆನ್ನಿಗೆ ತಳ್ಳುತ್ತದೆ. ಆ ಉಬ್ಬನ್ನು 400ರ ಮರಳುಕಾಗದದಿಂದ ಒಮ್ಮೆ ಸವರಿ. ಕಾಗದ ಹೊಲಿದ ಸೂಜಿ ಬಟ್ಟೆಗೆ ಮತ್ತೆ ಬಾರದು.

ವಿನ್ಯಾಸದಲ್ಲಿ ಬೆಲೆಯ ಅಂಕಿ, ದೇಶದ ಹೆಸರು, ಅಂಚೆ ಲಾಂಛನ ಬರಕೂಡದು. ಲಕೋಟೆಯ ಹಿಂಬದಿಗೆ ಅಂಟಿಸಿ ಎಂದು ಹಾಳೆಯ ಮೇಲೇ ಬರೆಯಿರಿ. ಮುಂಬದಿಯ ಬಲ ಮೂಲೆಗೆ ಹಾಕಿದರೆ ವಿಂಗಡಣೆಯಲ್ಲಿ ಗೊಂದಲವಾಗುತ್ತದೆ. ಕಿತ್ತುಕೊಳ್ಳುವ ಹಾಳೆಯನ್ನು ಅಕ್ರಿಲಿಕ್ಕಿನೊಳಗೆ ಇಡಲಾಗದು, ಹದಿನಾರನೆಯ ತೋಳಿನಲ್ಲಿ ಒಂದು ಮಾದರಿ ಇಟ್ಟು ಉಳಿದದ್ದನ್ನು ಫ್ರೇಮಿನ ಕೆಳಗೆ ಮರದ ಪೆಟ್ಟಿಗೆಯಲ್ಲಿಡಿ.

ತೂಗುಹಾಕಿದ ಮೇಲೆ

ಮೊದಲ ವಾರದಲ್ಲಿ ದಿನಕ್ಕೊಮ್ಮೆ ಮೌಂಟ್‌ಗಳನ್ನು ಪಕ್ಕದಿಂದ ನೋಡಿ. ಜಾರುವ ಚೀಟಿ ಇದ್ದರೆ ಆಗಲೇ ಜಾರುತ್ತದೆ. ಮೂರು ತಿಂಗಳಿಗೊಮ್ಮೆ ಹಾಳೆಗಳನ್ನು ಇಳಿಸಿ, ನಿಜ ಚೀಟಿಯ ಹಾಳೆಗಳಿಗೆ ಬದಲಿ ಜೋಡಿ ಹಾಕಿ. ಇಳಿಸಿದ್ದನ್ನು ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಒಟ್ಟಬೇಡಿ. ಭಾರಕ್ಕೆ ಮಿಂಟ್ ಗೋಂದು ಮೌಂಟಿಗೆ ಅಂಟುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಪೆಟ್ಟಿಗೆಯ ಮೂಲೆಯಲ್ಲಿರಲಿ, ಚೀಟಿಗೆ ತಾಗದ ಹಾಗೆ. ಬಣ್ಣ ಬದಲಾಗುವ ಬಗೆಯದಾದರೆ ಬಣ್ಣ ತಿರುಗಿದ ಕೂಡಲೇ ಹೊಸತು ಹಾಕಿ.